ವಾಣಿಜ್ಯ ಮಾರುತಗಳೂ ಪರ್ವತಗಳ ಎತ್ತರವೂ: ಹವಾಯಿ ದ್ವೀಪಗಳ ಮಳೆ ಮತ್ತು ಬೇಸಾಯ

ಒಂದೇ ಮುಂಗಾರಿನಲ್ಲಿ ಒಂದು ಊರಿನ ಪೈರು ಅತಿವೃಷ್ಟಿಯಿಂದ ಕೊಳೆಯುವುದೂ, ಅಲ್ಲಿಂದ ಕೆಲವೇ ಹರಿದಾರಿ ದೂರದಲ್ಲಿರುವ ಮತ್ತೊಂದು ಊರಿನಲ್ಲಿ ಬಿತ್ತಿದ ಬೀಜವು ಮೊಳೆಯದೆ ಹೋಗುವುದೂ ಬೇಸಾಯಗಾರರಿಗೆ ಹೊಸ ಸಂಗತಿಯಲ್ಲ. ಇಂತಹ ವ್ಯತ್ಯಾಸವನ್ನು ದೈವೇಚ್ಛೆಯೆಂದು ಹೇಳಿ ಸುಮ್ಮನಾಗುವವರೇ ಹೆಚ್ಚು. ಆದರೆ ಮಳೆಯು ಎಲ್ಲಿ ಹೆಚ್ಚು ಬೀಳಬೇಕು, ಎಲ್ಲಿ ಕಡಿಮೆ ಬೀಳಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುವು ಎರಡು: ಗಾಳಿಯು ಬೀಸುವ ದಿಕ್ಕು ಮತ್ತು ಅದಕ್ಕೆ ಅಡ್ಡವಾಗಿ ನಿಂತ ನೆಲದ ಎತ್ತರ. ಈ ಎರಡರ ಕೆಲಸವನ್ನು ಸ್ಪಷ್ಟವಾಗಿ ನೋಡಬೇಕೆಂಬವರಿಗೆ ಪೆಸಿಫಿಕ್ ಮಹಾಸಾಗರದ ನಡುವೆ ಇರುವ ಹವಾಯಿ ದ್ವೀಪಗಳಿಗಿಂತ ಉತ್ತಮವಾದ ನಿದರ್ಶನವು ದೊರೆಯುವುದು ಕಷ್ಟ. ಅಲ್ಲಿ ಸುತ್ತಲೂ ಇರುವುದು ಒಂದೇ ಕಡಲು. ವರ್ಷದ ಬಹುಭಾಗ ಬೀಸುವುದು ಒಂದೇ ಗಾಳಿ. ಆದರೂ ಒಂದು ದ್ವೀಪದೊಳಗೇ ಮಲೆನಾಡೂ ಬಯಲುಸೀಮೆಯೂ ಬರಡುನೆಲವೂ ಅಕ್ಕಪಕ್ಕದಲ್ಲಿ ಕಾಣುವುವು.

ದ್ವೀಪಗಳ ಸ್ಥಿತಿ

ಹವಾಯಿ ದ್ವೀಪಗಳು ಭೂಮಧ್ಯರೇಖೆಗೆ ಉತ್ತರದಲ್ಲಿ, ಸುಮಾರು 19ನೆಯ ಅಕ್ಷಾಂಶದಿಂದ 22ನೆಯ ಅಕ್ಷಾಂಶದವರೆಗೆ ಸಾಲಾಗಿ ಹಬ್ಬಿರುವುವು. ಇವುಗಳಲ್ಲಿ ಮುಖ್ಯವಾದುವು ಎಂಟು. ಎಲ್ಲವೂ ಸಮುದ್ರತಳದಿಂದ ಜ್ವಾಲಾಮುಖಿಗಳು ಉಕ್ಕಿದುದರಿಂದ ಉಂಟಾದ ಬೆಟ್ಟಗಳೇ ಆಗಿವೆ. ಹವಾಯಿ ಎಂಬ ಹೆಸರಿನ ದೊಡ್ಡ ದ್ವೀಪದಲ್ಲಿರುವ ಮೌನಾ ಕೆಯಾ ಪರ್ವತದ ಶಿಖರವು ಸಮುದ್ರಮಟ್ಟಕ್ಕಿಂತ ಸುಮಾರು 13,800 ಅಡಿ ಎತ್ತರದಲ್ಲಿದೆ. ಮೌಯಿ ದ್ವೀಪದ ಹಾಲೆಯಾಕಲಾ ಪರ್ವತವು ಸುಮಾರು 10,000 ಅಡಿ. ಕೌವಾಯಿ ದ್ವೀಪದ ವೈಯಾಲೆಯಾಲೆ ಬೆಟ್ಟವು 5,000 ಅಡಿಗೆ ಸ್ವಲ್ಪ ಹೆಚ್ಚು. ಹಿಂದೆ ಸ್ವತಂತ್ರ ರಾಜ್ಯವಾಗಿದ್ದ ಈ ದ್ವೀಪಗಳು 1898ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಸೇರಿ, 1959ರಲ್ಲಿ ಆ ದೇಶದ 50ನೆಯ ಸಂಸ್ಥಾನವಾದುವು.

ಕಡಲ ನಡುವೆ ಇರುವುದರಿಂದ ಇಲ್ಲಿ ಚಳಿಗಾಲಕ್ಕೂ ಬೇಸಗೆಗೂ ಅಷ್ಟಾಗಿ ಭೇದವಿಲ್ಲ. ಕರಾವಳಿಯಲ್ಲಿ ಅತಿ ತಂಪಾದ ತಿಂಗಳ ಸರಾಸರಿ ಉಷ್ಣತೆಗೂ ಅತಿ ಬೆಚ್ಚನೆಯ ತಿಂಗಳ ಸರಾಸರಿಗೂ ಇರುವ ಅಂತರವು ಫಾರನ್‌ಹೀಟ್ ಮಾನದಲ್ಲಿ ಹತ್ತು ಡಿಗ್ರಿಯನ್ನು ಮುಟ್ಟುವುದಿಲ್ಲ. ಆದರೆ ಬೆಟ್ಟವನ್ನು ಹತ್ತುತ್ತ ಹೋದರೆ ಪ್ರತಿ 1,000 ಅಡಿಗೂ ಉಷ್ಣತೆಯು ಸುಮಾರು ಮೂರೂವರೆ ಡಿಗ್ರಿಯಂತೆ ತಗ್ಗುವುದು. ಎಂದರೆ, 3,000 ಅಡಿ ಏರಿದವನು ಒಂದು ಋತುವನ್ನೇ ದಾಟಿದಂತಾಗುವುದು. ಆದಕಾರಣ ಈ ದ್ವೀಪಗಳ ರೈತನು ಯಾವ ತಿಂಗಳಲ್ಲಿ ಬಿತ್ತಬೇಕೆಂಬುದಕ್ಕಿಂತ ಮೊದಲು ಯಾವ ಎತ್ತರದಲ್ಲಿ ಬಿತ್ತಬೇಕೆಂಬುದನ್ನು ವಿಚಾರಿಸಬೇಕಾಗುವುದು. ಹಾಲೆಯಾಕಲಾ ಪರ್ವತದ ಇಳಿಜಾರಿನಲ್ಲಿರುವ ಕೂಲಾ ಪ್ರಾಂತ್ಯದ ತಂಪುನೆಲದಲ್ಲಿ ಬೆಳೆದ ಆಲೂಗೆಡ್ಡೆಯು, 1849ರ ತರುವಾಯ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಅಗೆಯಲು ನೆರೆದ ಜನರ ಆಹಾರಕ್ಕಾಗಿ ಹಡಗುಗಳಲ್ಲಿ ಹೋಗುತ್ತಿತ್ತು. ಅದೇ ದ್ವೀಪದ ಕರಾವಳಿಯ ಸೆಕೆಯಲ್ಲಿ ಆ ಬೆಳೆಗೆ ಅಷ್ಟು ಅನುಕೂಲವಿಲ್ಲ.

ವಾಣಿಜ್ಯ ಮಾರುತವೆಂದರೇನು

ಭೂಮಧ್ಯರೇಖೆಯ ಆಸುಪಾಸಿನಲ್ಲಿ ಸೂರ್ಯನ ತಾಪವು ಅಧಿಕವಾದುದರಿಂದ ಅಲ್ಲಿನ ಗಾಳಿಯು ಕಾದು ಹಗುರವಾಗಿ ಮೇಲಕ್ಕೇರುವುದು. ಮೇಲೇರಿದ ಗಾಳಿಯು ಉತ್ತರಕ್ಕೂ ದಕ್ಷಿಣಕ್ಕೂ ಸಾಗಿ, ಸುಮಾರು 30ನೆಯ ಅಕ್ಷಾಂಶದ ಬಳಿ ಮತ್ತೆ ಕೆಳಗಿಳಿಯುವುದು. ಅಲ್ಲಿಂದ ನೆಲಮಟ್ಟದಲ್ಲಿ ಭೂಮಧ್ಯರೇಖೆಯ ಕಡೆಗೆ ಹರಿಯುವುದು. ಭೂಮಿಯು ತನ್ನ ಸುತ್ತ ತಾನು ತಿರುಗುತ್ತಿರುವುದರಿಂದ ಈ ಹರಿವು ನೇರವಾಗಿ ಸಾಗದೆ ಓರೆಯಾಗಿ, ಉತ್ತರಾರ್ಧಗೋಳದಲ್ಲಿ ಈಶಾನ್ಯದಿಂದಲೂ ದಕ್ಷಿಣಾರ್ಧಗೋಳದಲ್ಲಿ ಆಗ್ನೇಯದಿಂದಲೂ ಬೀಸುವುದು. ಹಾಯಿಹಡಗುಗಳ ಕಾಲದಲ್ಲಿ ವ್ಯಾಪಾರಿಗಳು ನಂಬಿ ನಡೆದ ಗಾಳಿಯೇ ಇದು. ಇದಕ್ಕೆ ವಾಣಿಜ್ಯ ಮಾರುತವೆಂದು ಹೆಸರು.

ಹವಾಯಿ ದ್ವೀಪಗಳಿಗೆ ಬರುವುದು ಈಶಾನ್ಯ ವಾಣಿಜ್ಯ ಮಾರುತ. ಮೇ ತಿಂಗಳಿಂದ ಸೆಪ್ಟೆಂಬರ್ ತಿಂಗಳವರೆಗೆ ಹತ್ತು ದಿನಗಳಲ್ಲಿ ಎಂಟು ಒಂಬತ್ತು ದಿನ ಇದೇ ಗಾಳಿ. ಚಳಿಗಾಲದಲ್ಲಿ ಇದು ಆಗಾಗ ನಿಂತು, ದಕ್ಷಿಣ ಮತ್ತು ನೈಋತ್ಯ ದಿಕ್ಕುಗಳಿಂದ ಬಿರುಗಾಳಿ ಸಹಿತವಾದ ಮಳೆ ಬರುವುದೂ ಉಂಟು.

ಗಾಳಿಗೆದುರಾದ ಮಗ್ಗುಲು, ಮರೆಯಾದ ಮಗ್ಗುಲು

ಸಾವಿರಾರು ಮೈಲಿ ಕಡಲ ಮೇಲೆ ಬಂದ ಈ ಗಾಳಿಯು ನೀರಾವಿಯಿಂದ ತುಂಬಿರುವುದು. ಆದರೂ ತೆರೆದ ಕಡಲಿನ ಮೇಲೆ ಅದು ಸುರಿಸುವ ಮಳೆಯು ವರ್ಷಕ್ಕೆ 25ರಿಂದ 30 ಅಂಗುಲಗಳಷ್ಟು ಮಾತ್ರ. ಅದೇ ಗಾಳಿಯು ದ್ವೀಪಗಳ ಮೇಲೆ ಹಾಯ್ದಾಗ ಸರಾಸರಿ ಮಳೆಯು ಸುಮಾರು 70 ಅಂಗುಲಗಳಾಗುವುದು. ಈ ಹೆಚ್ಚಳಕ್ಕೆ ಕಾರಣವು ಬೆಟ್ಟಗಳೇ. ಎದುರಿಗೆ ಬೆಟ್ಟವು ಅಡ್ಡವಾದಾಗ ಗಾಳಿಯು ಅದರ ಮೈಯನ್ನು ಅನುಸರಿಸಿ ಮೇಲಕ್ಕೇರಲೇಬೇಕು. ಮೇಲೇರಿದಂತೆ ಅದು ಹಿಗ್ಗಿ ತಣ್ಣಗಾಗುವುದು. ತಣ್ಣಗಾದ ಗಾಳಿಯು ಮೊದಲಿನಷ್ಟು ನೀರಾವಿಯನ್ನು ಹಿಡಿದಿರಲಾರದು. ಹಿಡಿಯಲಾರದ ಭಾಗವು ಮೋಡವಾಗಿ ಮಳೆಯಾಗಿ ಇಳಿಯುವುದು. ಬೆಟ್ಟವನ್ನು ದಾಟಿ ಆಚೆಯ ಕಡೆಗೆ ಇಳಿಯುವಾಗ ಆ ಗಾಳಿಯೇ ಕುಗ್ಗಿ, ಬೆಚ್ಚಗಾಗಿ, ಒಣಗಾಳಿಯಾಗುವುದು. ಆಗ ಅದು ಮಳೆ ಕೊಡುವುದಿರಲಿ, ನೆಲದಲ್ಲಿರುವ ತೇವವನ್ನೂ ಹೀರುವುದು. ಹೀಗೆ ಬೆಟ್ಟದ ಹಿಂದೆ ಉಂಟಾಗುವ ಒಣಪ್ರದೇಶವನ್ನು ಮಳೆಯ ನೆರಳೆಂದು ಕರೆಯುವರು.

ಇದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಬಹುದು. ದೊಡ್ಡ ದ್ವೀಪದ ಪೂರ್ವ ತೀರದಲ್ಲಿ ಗಾಳಿಗೆದುರಾಗಿರುವ ಹಿಲೋ ಪಟ್ಟಣಕ್ಕೆ ವರ್ಷಕ್ಕೆ 120 ಅಂಗುಲಗಳಿಗೂ ಹೆಚ್ಚು ಮಳೆ. ಅದೇ ದ್ವೀಪದ ವಾಯವ್ಯ ತೀರದಲ್ಲಿ ಪರ್ವತಗಳ ಮರೆಯಲ್ಲಿರುವ ಕವೈಹೈ ಬಂದರಿಗೆ ಹತ್ತು ಅಂಗುಲದ ಆಸುಪಾಸು. ಕೌವಾಯಿ ದ್ವೀಪದ ವೈಯಾಲೆಯಾಲೆ ಬೆಟ್ಟದ ನೆತ್ತಿಯಲ್ಲಿ ವರ್ಷಕ್ಕೆ ಸರಾಸರಿ 400 ಅಂಗುಲಗಳ ಆಸುಪಾಸು ಮಳೆಯಾಗುವುದು. ಭೂಮಂಡಲದಲ್ಲಿಯೇ ಅತ್ಯಂತ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲಿ ಅದೊಂದು. ಅಲ್ಲಿಂದ ಇಪ್ಪತ್ತು ಮೈಲಿಗಿಂತ ಕಡಿಮೆ ದೂರದಲ್ಲಿರುವ ಕೆಕಹಾ ಎಂಬ ಊರಿನ ಪಾಲಿಗೆ ಬರುವುದು ಸುಮಾರು 20 ಅಂಗುಲ ಮಾತ್ರ. ಒಣಮಗ್ಗುಲಿನ ಈ ಅಲ್ಪ ಮಳೆಯೂ ಬಹುತೇಕ ಚಳಿಗಾಲದ ಬಿರುಗಾಳಿಗಳಿಂದ ಬರುವುದೇ ಹೊರತು ವಾಣಿಜ್ಯ ಮಾರುತದಿಂದಲ್ಲ.

ಎತ್ತರವು ಹೆಚ್ಚಿದಷ್ಟೂ ಮಳೆ ಹೆಚ್ಚುವುದೇ?

ಮೇಲೆ ಹೇಳಿದುದನ್ನು ಕೇಳಿದವರು, ಬೆಟ್ಟವು ಎತ್ತರವಾದಷ್ಟೂ ಮಳೆಯೂ ಹೆಚ್ಚೆಂದು ಭಾವಿಸಬಹುದು. ಇದು ಒಂದು ಮಿತಿಯವರೆಗೆ ಮಾತ್ರ ನಿಜ. ಮೌನಾ ಕೆಯಾ ಪರ್ವತದ ಪೂರ್ವದ ಇಳಿಜಾರಿನಲ್ಲಿ 2,000ದಿಂದ 3,000 ಅಡಿ ಎತ್ತರದ ಪಟ್ಟಿಯಲ್ಲಿ ಕೆಲವು ಕಡೆ ಮಳೆಯು ವರ್ಷಕ್ಕೆ 250 ಅಂಗುಲಗಳನ್ನು ಮೀರುವುದು. ಅಲ್ಲಿಂದ ಮೇಲಕ್ಕೆ ಹೋದಂತೆ ಮಳೆಯು ಇಳಿಯುತ್ತ ಬಂದು, ಶಿಖರದ ಬಳಿ ಹತ್ತು ಅಂಗುಲಕ್ಕಿಂತಲೂ ಕಡಿಮೆಯಾಗುವುದು. ಚಳಿಗಾಲದಲ್ಲಿ ಕೆಲವು ದಿನ ಹಿಮ ಬೀಳುವುದನ್ನು ಬಿಟ್ಟರೆ, ಆ ಶಿಖರವು ಗಿಡಮರಗಳಿಲ್ಲದ ಒಣಪ್ರದೇಶ. ಆಕಾಶವು ಅಲ್ಲಿ ನಿರ್ಮಲವಾಗಿರುವುದರಿಂದಲೇ ಖಗೋಳಶಾಸ್ತ್ರಜ್ಞರು ಆ ಸ್ಥಳವನ್ನು ಆರಿಸಿಕೊಂಡು ದೊಡ್ಡ ದೂರದರ್ಶಕ ಯಂತ್ರಗಳನ್ನು ಸ್ಥಾಪಿಸಿದ್ದಾರೆ.

ಇದಕ್ಕೆ ಕಾರಣವೇನೆಂದರೆ, ಮೇಲೆ ಹೇಳಿದಂತೆ ಉನ್ನತ ಆಕಾಶದಿಂದ ಕೆಳಗಿಳಿಯುವ ಗಾಳಿಯು ಇಳಿಯುತ್ತ ಬೆಚ್ಚಗಾಗಿ, ಸುಮಾರು 6,000ದಿಂದ 8,000 ಅಡಿ ಎತ್ತರದಲ್ಲಿ ಒಂದು ಬೆಚ್ಚನೆಯ ಪದರವಾಗಿ ನಿಲ್ಲುವುದು. ಕೆಳಗಿನ ತೇವದ ಗಾಳಿಯು ಈ ಪದರವನ್ನು ಭೇದಿಸಿ ಮೇಲೇರಲಾರದು. ಕುದಿಯುವ ಪಾತ್ರೆಗೆ ಮುಚ್ಚಳವಿಟ್ಟಂತೆ ಇದು ಮೋಡಗಳನ್ನು ಕೆಳಗೇ ತಡೆದಿರುವುದು. ವರ್ಷದ ಬಹುಪಾಲು ದಿನಗಳಲ್ಲಿ ಈ ಮುಚ್ಚಳವು ಇರುವುದರಿಂದ, ಅದಕ್ಕಿಂತ ಎತ್ತರವಾದ ಪರ್ವತಗಳ ಮೇಲೆ ಮೋಡವು ಮುಂದಕ್ಕೆ ಹತ್ತದೆ ಇಕ್ಕೆಲಗಳಿಗೆ ಸರಿದುಹೋಗುವುದು. ವೈಯಾಲೆಯಾಲೆ ಬೆಟ್ಟವಾದರೋ ಮುಚ್ಚಳಕ್ಕಿಂತ ತಗ್ಗಾದುದರಿಂದ ಮೋಡವು ಅದರ ನೆತ್ತಿಯನ್ನೇ ಏರಿ ತನ್ನ ಹೊರೆಯನ್ನೆಲ್ಲ ಅಲ್ಲಿ ಇಳಿಸುವುದು. ಆದುದರಿಂದ 5,000 ಅಡಿಯ ಬೆಟ್ಟದ ತುದಿಯಲ್ಲಿ ಅತಿವೃಷ್ಟಿಯೂ, 13,800 ಅಡಿಯ ಬೆಟ್ಟದ ತುದಿಯಲ್ಲಿ ಅನಾವೃಷ್ಟಿಯೂ ಆಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಎತ್ತರವು ಸಾಲದೆ ಹೋದರೂ ಮಳೆಯಿಲ್ಲ. ಮೌಯಿ ದ್ವೀಪದ ನೈಋತ್ಯದಲ್ಲಿರುವ ಕಹೋಲಾವೆ ಎಂಬ ಸಣ್ಣ ದ್ವೀಪದ ಅತ್ಯುನ್ನತ ಸ್ಥಳವು 1,500 ಅಡಿಯನ್ನೂ ಮುಟ್ಟುವುದಿಲ್ಲ. ಗಾಳಿಯನ್ನು ಮೇಲಕ್ಕೆತ್ತುವ ಶಕ್ತಿಯು ಅದಕ್ಕಿಲ್ಲ; ಸಾಲದುದಕ್ಕೆ ಅದು ಹಾಲೆಯಾಕಲಾ ಪರ್ವತದ ಮಳೆಯ ನೆರಳಿನಲ್ಲಿ ಬಿದ್ದಿದೆ. ಇಂತಹ ದುರ್ಬಲವಾದ ನೆಲದ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಆಡು ಕುರಿಗಳನ್ನು ಮಿತಿಯಿಲ್ಲದೆ ಬಿಟ್ಟುದರಿಂದ ಹುಲ್ಲು ಗಿಡಗಳು ನಾಶವಾಗಿ, ಮೇಲ್ಮಣ್ಣು ಗಾಳಿಗೂ ಮಳೆಗೂ ಕೊಚ್ಚಿಹೋಗಿ ಕೆಂಪು ಗಟ್ಟಿನೆಲವು ಹೊರಬಿದ್ದಿತು.

ನಿಯಮಕ್ಕೊಂದು ಅಪವಾದ: ಕೋನಾ ಪ್ರಾಂತ್ಯದ ಕಾಫಿ

ಗಾಳಿಮರೆಯಾದ ಮಗ್ಗುಲೆಲ್ಲ ಬರಡೆಂದು ತಿಳಿಯಲಾಗದು. ದೊಡ್ಡ ದ್ವೀಪದ ಪಶ್ಚಿಮ ಮಗ್ಗುಲಿನ ಕೋನಾ ಪ್ರಾಂತ್ಯಕ್ಕೆ ಮೌನಾ ಲೋವಾ ಮತ್ತು ಹುವಾಲಲೈ ಪರ್ವತಗಳು ಗೋಡೆಯಂತೆ ಅಡ್ಡ ನಿಂತು ವಾಣಿಜ್ಯ ಮಾರುತವನ್ನು ಪೂರ್ತಿಯಾಗಿ ತಡೆದಿವೆ. ಹಾಗೆ ತಡೆದುದರಿಂದಲೇ ಅಲ್ಲಿ ಬೇರೊಂದು ಸಣ್ಣ ಗಾಳಿಗೆ ಅವಕಾಶವಾಗಿದೆ. ಹಗಲಿನಲ್ಲಿ ಇಳಿಜಾರಿನ ನೆಲವು ಕಾದಾಗ ಕಡಲಿನ ಗಾಳಿಯು ಬೆಟ್ಟವನ್ನೇರುವುದು. ಮಧ್ಯಾಹ್ನದ ಹೊತ್ತಿಗೆ ಮೋಡ ಕವಿದು ಮಳೆ ಬೀಳುವುದು. ರಾತ್ರಿಯಲ್ಲಿ ತಂಗಾಳಿಯು ಬೆಟ್ಟದಿಂದ ಕಡಲಿಗೆ ಇಳಿಯುವುದು. ಉಳಿದ ಒಣಮಗ್ಗುಲುಗಳಿಗೆ ಚಳಿಗಾಲದಲ್ಲಿ ಮಳೆಯಾದರೆ, ಕೋನಾ ಇಳಿಜಾರಿಗೆ ಬೇಸಗೆಯಲ್ಲಿಯೇ ಹೆಚ್ಚು ಮಳೆ. 1828ರಲ್ಲಿ ಇಲ್ಲಿಗೆ ತಂದು ನೆಟ್ಟ ಕಾಫಿಯು ಇಂದಿಗೂ ಈ ಇಳಿಜಾರಿನ ಮುಖ್ಯ ಬೆಳೆ. ಬೆಳಗಿನ ಬಿಸಿಲೂ ಮಧ್ಯಾಹ್ನದ ಮೋಡದ ನೆರಳೂ ಕಾಫಿಗಿಡಕ್ಕೆ ಹಿತವಾದುವು. ಕೊಡಗು ಚಿಕ್ಕಮಗಳೂರುಗಳ ತೋಟಗಳಲ್ಲಿ ನೆರಳಿನ ಮರಗಳು ಮಾಡುವ ಕೆಲಸದ ಒಂದು ಭಾಗವನ್ನು ಅಲ್ಲಿ ಮಧ್ಯಾಹ್ನದ ಮೋಡವು ಮಾಡುವುದೆಂದು ಹೇಳಬಹುದು.

ಬೆಟ್ಟದಿಂದ ಕಡಲವರೆಗೆ ಒಂದು ಗ್ರಾಮ

ಹವಾಯಿಯ ಪೂರ್ವಿಕರು ಈ ಸಂಗತಿಗಳನ್ನು ಅನುಭವದಿಂದ ಅರಿತವರಾಗಿದ್ದು, ತಮ್ಮ ನೆಲವನ್ನು ಅದಕ್ಕೆ ತಕ್ಕಂತೆ ಹಂಚಿಕೊಂಡಿದ್ದರು. ಅಹುಪುವಾ ಎಂಬ ಅವರ ಗ್ರಾಮವು ಸಾಮಾನ್ಯವಾಗಿ ಬೆಟ್ಟದ ನೆತ್ತಿಯಿಂದ ಹೊರಟು, ಹಳ್ಳದ ಜಾಡನ್ನು ಹಿಡಿದು, ಕಡಲಿನವರೆಗೆ ಇಳಿಯುವ ಒಂದು ಪಟ್ಟಿ. ಮೇಲೆ ಕಾಡು, ನಡುವೆ ಹೊಲ, ಕೆಳಗೆ ಕೆಸುವಿನ ಗದ್ದೆ, ಕೊನೆಯಲ್ಲಿ ಮೀನು ಹಿಡಿಯುವ ಕಡಲು: ಹೀಗೆ ಒಂದೊಂದು ಎತ್ತರದ ಫಲವೂ ಒಂದೇ ಗ್ರಾಮದವರಿಗೆ ದೊರೆಯುತ್ತಿತ್ತು. ಮೇಲಿನ ಕಾಡು ಕೆಟ್ಟರೆ ಕೆಳಗಿನ ಗದ್ದೆ ಒಣಗುವುದೆಂಬುದು ಅವರಿಗೆ ಕಣ್ಣೆದುರಿನ ವಿಷಯವಾಗಿತ್ತು.

ಗ್ರಾಮದ ಆಡಳಿತವು ಕೊನೋಹಿಕಿ ಎಂಬ ಮುಖ್ಯಸ್ಥನದು. ನೀರಿನ ಸರದಿಯನ್ನು ನೋಡಿಕೊಳ್ಳಲು ಲೂನಾ ವೈ ಎಂಬವನಿರುತ್ತಿದ್ದನು. ಕನ್ನಡ ನಾಡಿನ ಕೆರೆಗಳ ನೀರುಗಂಟಿಯ ಕೆಲಸವೇ ಅವನದು. ಕಾಲುವೆಯನ್ನು ತೋಡುವಾಗ ಯಾರು ಎಷ್ಟು ಆಳುಗಳನ್ನು ಕಳುಹಿಸಿದರೋ ಅದಕ್ಕನುಸಾರವಾಗಿ ನೀರಿನ ಪಾಲು. ಹಳ್ಳದಲ್ಲಿ ಕೆಳಕ್ಕೆ ಹರಿದುಹೋಗುವ ನೀರಿಗಿಂತ ಹೆಚ್ಚಾಗಿ ಯಾವ ಕಾಲುವೆಯೂ ಎತ್ತಿಕೊಳ್ಳಕೂಡದೆಂಬ ಕಟ್ಟಳೆಯೂ ಇದ್ದಿತು. ಗದ್ದೆಗಳಲ್ಲಿ ಹಾಯ್ದ ನೀರು ಮತ್ತೆ ಹಳ್ಳವನ್ನು ಸೇರಿ ಕೆಳಗಿನವರಿಗೆ ಒದಗುತ್ತಿತ್ತು. ಅವರ ಭಾಷೆಯಲ್ಲಿ ನೀರಿಗೆ ‘ವೈ’ ಎಂದೂ, ಐಶ್ವರ್ಯಕ್ಕೆ ‘ವೈವೈ’ ಎಂದೂ ಹೆಸರಿರುವುದು ಗಮನಿಸತಕ್ಕ ವಿಷಯ.

ಕಾಡಿನ ನಾಶವೂ ಅದರ ರಕ್ಷಣೆಯೂ

1793ರಲ್ಲಿ ವ್ಯಾಂಕೂವರ್ ಎಂಬ ಆಂಗ್ಲ ನಾವಿಕನು ಅಲ್ಲಿನ ದೊರೆಯಾದ ಕಮೆಹಮೆಹಾನಿಗೆ ದನಗಳನ್ನು ತಂದು ಒಪ್ಪಿಸಿದನು. ಅವುಗಳನ್ನು ಕೊಲ್ಲಬಾರದೆಂದು ದೊರೆಯು ಆಜ್ಞೆ ಮಾಡಿದುದರಿಂದ ಅವು ಕಾಡುಸೇರಿ ಅಪರಿಮಿತವಾಗಿ ಹೆಚ್ಚಿದುವು. ಎಳೆಯ ಸಸಿಗಳನ್ನು ಮೇಯ್ದು, ಬೇರುಗಳನ್ನು ತುಳಿದು, ಬೆಟ್ಟದ ಕಾಡುಗಳನ್ನು ಅವು ಹಾಳುಮಾಡಿದುವು. ಕಾಡು ಕೆಟ್ಟಲ್ಲಿ ಹಳ್ಳಗಳು ಮಳೆ ಬಂದಾಗ ಉಕ್ಕಿ ಹರಿದು, ಮಳೆ ನಿಂತಾಗ ಬತ್ತತೊಡಗಿದುವು. ಕಬ್ಬಿನ ತೋಟಗಳ ಒಡೆಯರಿಗೇ ಇದರ ಬಿಸಿ ತಟ್ಟಿ, ಅವರೂ ಒತ್ತಾಯಪಡಿಸಿದುದರಿಂದ 1903ರಲ್ಲಿ ಬೇಸಾಯ ಮತ್ತು ಅರಣ್ಯಗಳ ಮಂಡಲಿಯೊಂದು ಏರ್ಪಟ್ಟಿತು. ಮರುವರ್ಷ ರಾಲ್ಫ್ ಹಾಸ್ಮರ್ ಎಂಬ ಅರಣ್ಯಾಧಿಕಾರಿಯು ನೇಮಕನಾಗಿ, ಬೆಟ್ಟದ ಮೇಲ್ಭಾಗಗಳನ್ನು ಮೀಸಲು ಕಾಡುಗಳೆಂದು ಗೊತ್ತುಪಡಿಸಿ, ಬೇಲಿ ಹಾಕಿಸಿ, ದನಗಳನ್ನು ಹೊರಗಟ್ಟಿಸಿ, ಮರಗಳನ್ನು ನೆಡಿಸುವ ಕೆಲಸವು ಮೊದಲಾಯಿತು. ಮರದ ವ್ಯಾಪಾರಕ್ಕಾಗಿಯಲ್ಲದೆ ಮುಖ್ಯವಾಗಿ ನೀರಿಗಾಗಿಯೇ ಕಾಡನ್ನು ಕಾಪಾಡುವುದು ಈ ಏರ್ಪಾಡಿನ ಉದ್ದೇಶವಾಗಿತ್ತು.

ಇಲ್ಲಿ ಒಂದು ಮಾತನ್ನು ವಿಶದಪಡಿಸುವುದು ಅವಶ್ಯಕ. ಗಾಳಿಯನ್ನು ಮೇಲಕ್ಕೆತ್ತಿ ಮಳೆ ಸುರಿಸುವುದು ಬೆಟ್ಟ. ಬಿದ್ದ ಮಳೆಯನ್ನು ತಡೆದು ನೆಲಕ್ಕೆ ಇಂಗಿಸಿ, ಹಳ್ಳಕ್ಕೆ ಮೆಲ್ಲಮೆಲ್ಲನೆ ಬಿಡುವುದು ಕಾಡು. ಇದಲ್ಲದೆ ಮಂಜುಮೋಡವು ಹಾಯುವ ಎತ್ತರಗಳಲ್ಲಿ ಮರದ ಎಲೆಗಳು ಮೋಡದ ಹನಿಗಳನ್ನು ಹಿಡಿದು ಕೆಳಗೆ ತೊಟ್ಟಿಕ್ಕಿಸುವುವು. ಬಯಲಿನಲ್ಲಿಟ್ಟ ಮಳೆಮಾಪಕದ ಲೆಕ್ಕಕ್ಕೆ ಬಾರದ ಈ ನೀರು, ಕಾಡು ಇದ್ದರೆ ಮಾತ್ರ ದೊರೆಯುವುದು.

ಹಸಿಮಗ್ಗುಲಿನ ನೀರು ಒಣಮಗ್ಗುಲಿಗೆ

ಮೌಯಿ ದ್ವೀಪದ ನಡುವೆ ಇರುವ ಬಯಲು ಬಿಸಿಲು ಹೆಚ್ಚಾದ, ಫಲವತ್ತಾದ, ಆದರೆ ಮಳೆಯಿಲ್ಲದ ನೆಲ. ಅಲ್ಲಿಂದ ಪೂರ್ವಕ್ಕೆ ಹಾಲೆಯಾಕಲಾ ಪರ್ವತದ ಗಾಳಿಗೆದುರಾದ ಮಗ್ಗುಲಿನಲ್ಲಿ ಹಳ್ಳಗಳು ತುಂಬಿ ಹರಿಯುವುವು. 1876ರಲ್ಲಿ ಹವಾಯಿಯ ಸಕ್ಕರೆಯು ಸುಂಕವಿಲ್ಲದೆ ಅಮೆರಿಕಾ ದೇಶವನ್ನು ಪ್ರವೇಶಿಸುವಂತಾದುದರಿಂದ ಕಬ್ಬಿಗೆ ಒಳ್ಳೆಯ ಬೆಲೆ ಬಂದಿತು. ಅದೇ ವರ್ಷ ಆರಂಭವಾಗಿ 1878ರಲ್ಲಿ ಮುಗಿದ ಹಮಾಕುವಾ ಕಾಲುವೆಯು ಬೆಟ್ಟದ ಮೈಯಲ್ಲಿ ಹಳ್ಳಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಬಂದು ಬಯಲಿಗೆ ನೀರು ತಂದಿತು. ಬರಡುನೆಲವು ಕಬ್ಬಿನ ಸಮುದ್ರವಾಯಿತು. ಇದು ಯಂತ್ರಶಿಲ್ಪದ ದೊಡ್ಡ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಲಾಭದ ಜೊತೆಗೆ ನಷ್ಟವೂ ಉಂಟಾಯಿತು. ಮೇಲೆಯೇ ನೀರನ್ನು ತಿರುಗಿಸಿಕೊಂಡುದರಿಂದ, ಹಸಿಮಗ್ಗುಲಿನ ಹಳ್ಳಗಳ ಕೆಳಗೆ ತಲೆತಲಾಂತರದಿಂದ ಕೆಸುವು ಬೆಳೆಯುತ್ತಿದ್ದ ರೈತರ ಗದ್ದೆಗಳಿಗೆ ನೀರು ಸಾಲದಾಯಿತು. ಮಳೆಯ ನಡುವೆಯೇ ಇದ್ದು ನೀರಿಲ್ಲದವರಾದರು. ಅವರ ಪರವಾಗಿ 2001ರಲ್ಲಿ ಸರ್ಕಾರದ ಜಲಮಂಡಲಿಯ ಮುಂದೆ ಮನವಿಗಳು ದಾಖಲಾದುವು. ವಿಚಾರಣೆಯು ಬಹುಕಾಲ ನಡೆಯುತ್ತಿರುವಾಗಲೇ, ಬೇಸಾಯದ ಖರ್ಚು ಗಿಟ್ಟದೆ 2016ರಲ್ಲಿ ಆ ಬಯಲಿನ ಕಬ್ಬಿನ ಬೇಸಾಯವೇ ನಿಂತುಹೋಯಿತು. ಹವಾಯಿಯ ಕೊನೆಯ ದೊಡ್ಡ ಸಕ್ಕರೆ ಕಾರ್ಖಾನೆಯು ಅದರೊಂದಿಗೆ ಮುಚ್ಚಿತು. 2018ರಲ್ಲಿ ಜಲಮಂಡಲಿಯು ತೀರ್ಪನ್ನಿತ್ತು, ಹಲವು ಹಳ್ಳಗಳಿಗೆ ಅವುಗಳ ನೀರನ್ನು ಮತ್ತೆ ಬಿಡಬೇಕೆಂದು ಆಜ್ಞಾಪಿಸಿತು. ಕಾಲುವೆಯು ಹುಟ್ಟಿದಂದಿನಿಂದ ಈ ತೀರ್ಪಿಗೆ 140 ವರ್ಷಗಳು ಹಿಡಿದುವು.

ಕಬ್ಬು ನಿಂತ ಹೊಲಗಳನ್ನು ಹಾಗೆಯೇ ಬಿಟ್ಟರೆ ಒಣಮಗ್ಗುಲಿನಲ್ಲಿ ಏನಾಗುವುದೆಂಬುದಕ್ಕೂ ಅದೇ ದ್ವೀಪದಲ್ಲಿ ದುಃಖಕರವಾದ ನಿದರ್ಶನವಿದೆ. ಮೌಯಿಯ ಪಶ್ಚಿಮ ತೀರದ ಲಹೈನಾ ಪಟ್ಟಣವು ಮಳೆಯ ನೆರಳಿನಲ್ಲಿರುವ ಊರು. ಅದರ ಸುತ್ತಲಿನ ಕಬ್ಬಿನ ತೋಟವು 1999ರಲ್ಲಿ ನಿಂತ ತರುವಾಯ ಪಾಳುಬಿದ್ದ ಹೊಲಗಳಲ್ಲಿ ಹೊರದೇಶದ ಹುಲ್ಲು ಆಳೆತ್ತರ ಬೆಳೆದು ಒಣಗಿ ನಿಂತಿತ್ತು. 2023ರ ಆಗಸ್ಟ್ 8ರಂದು ಬೆಟ್ಟದಿಂದ ಕೆಳಕ್ಕೆ ನುಗ್ಗಿದ ಒಣಗಾಳಿಯಲ್ಲಿ ಬೆಂಕಿ ಹತ್ತಿ, ಪಟ್ಟಣದ ಬಹುಭಾಗವು ಸುಟ್ಟು, ನೂರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಬೆಟ್ಟದ ಒಂದು ಮಗ್ಗುಲಿಗೆ ಮಳೆ ಕೊಡುವ ಗಾಳಿಯೇ ಮತ್ತೊಂದು ಮಗ್ಗುಲಿಗೆ ಬೆಂಕಿಯನ್ನು ಹಬ್ಬಿಸುವ ಗಾಳಿಯೂ ಆಗಬಲ್ಲುದು.

ಗ್ರಾಮದ ಮುಖ್ಯಸ್ಥರು ಗಮನಿಸಬೇಕಾದ ಅಂಶಗಳು

ಈ ವಿಷಯವು ಕನ್ನಡ ನಾಡಿಗೆ ದೂರವಾದುದೆಂದು ಎಣಿಸಬಾರದು. ದಕ್ಷಿಣಾರ್ಧಗೋಳದ ಆಗ್ನೇಯ ವಾಣಿಜ್ಯ ಮಾರುತವೇ ಬೇಸಗೆಯಲ್ಲಿ ಭೂಮಧ್ಯರೇಖೆಯನ್ನು ದಾಟಿ, ದಿಕ್ಕು ತಿರುಗಿ, ನೈಋತ್ಯ ಮುಂಗಾರಾಗಿ ಪಶ್ಚಿಮ ಘಟ್ಟಗಳಿಗೆ ಬಡಿಯುವುದು. ಘಟ್ಟದ ಅಂಚಿನ ಆಗುಂಬೆಗೆ ವರ್ಷಕ್ಕೆ ಸುಮಾರು 300 ಅಂಗುಲ ಮಳೆಯಾದರೆ, ಘಟ್ಟದ ನೆರಳಿನಲ್ಲಿರುವ ಚಳ್ಳಕೆರೆಯ ಸೀಮೆಗೆ ಇಪ್ಪತ್ತು ಅಂಗುಲದ ಆಸುಪಾಸು. ಬಾಬಾಬುಡನ್ ಗಿರಿಗಳ ಮೇಲೆ ಬಿದ್ದ ನೀರು ವೇದಾವತಿಯಾಗಿ ಹರಿದು ಬಂದು, 1907ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಯಲ್ಲಿ ನಿಂತು ಹಿರಿಯೂರಿನ ಒಣಭೂಮಿಗೆ ಒದಗುವುದು. ಹೀಗಿರುವುದರಿಂದ ಹವಾಯಿಯ ಅನುಭವದಿಂದ ಕೆಳಕಂಡ ಅಂಶಗಳನ್ನು ಗ್ರಹಿಸಬಹುದು.

1. ಹತ್ತು ಮೈಲಿ ದೂರದ ಮಳೆಮಾಪಕದ ಲೆಕ್ಕವು ಗುಡ್ಡದ ಆಚೆಯ ಊರಿಗೆ ಹೊಂದದೆ ಇರಬಹುದು. ಆಯಾ ಗ್ರಾಮದಲ್ಲಿ, ಸಾಧ್ಯವಾದರೆ ಗುಡ್ಡದ ಎರಡು ಮಗ್ಗುಲಲ್ಲಿಯೂ, ಮಳೆಯನ್ನು ಅಳೆದು ದಿನಾಂಕ ಸಹಿತವಾಗಿ ಬರೆದಿಡುವುದು ಲೇಸು.

2. ಬೆಳೆಯನ್ನು ಆರಿಸುವಾಗ ಮಣ್ಣಿನ ಜೊತೆಗೆ ಹೊಲದ ಎತ್ತರವನ್ನೂ, ಅದು ಗಾಳಿಗೆ ಎದುರಾಗಿದೆಯೋ ಮರೆಯಾಗಿದೆಯೋ ಎಂಬುದನ್ನೂ ನೋಡತಕ್ಕದ್ದು.

3. ಗುಡ್ಡದ ನೆತ್ತಿಯ ಕಾಡು ಕೆಳಗಿನ ಗದ್ದೆಯ ಒಂದು ಅಂಗವೆಂದೇ ತಿಳಿದು, ದನ ಆಡುಗಳು ಅಲ್ಲಿ ಮಿತಿಮೀರಿ ಮೇಯದಂತೆ ಕಟ್ಟುಮಾಡತಕ್ಕದ್ದು.

4. ಹಳ್ಳದ ನೀರನ್ನು ಮೇಲೆ ತಿರುಗಿಸುವ ಮೊದಲು ಕೆಳಗಿನ ಊರುಗಳವರ ಪಾಲನ್ನು ಅವರ ಸಮಕ್ಷಮದಲ್ಲಿಯೇ ಗೊತ್ತುಮಾಡಿಕೊಂಡು ಬರವಣಿಗೆಯಲ್ಲಿ ಇಡತಕ್ಕದ್ದು. ಮೊದಲು ಒಂದು ದಿನದಲ್ಲಿ ತೀರಬಹುದಾದ ಮಾತು ತಡವಾದರೆ ಮೂರು ತಲೆಮಾರುಗಳ ವ್ಯಾಜ್ಯವಾಗುವುದು.

5. ಒಣಸೀಮೆಯಲ್ಲಿ ಬೇಸಾಯ ನಿಂತ ಭೂಮಿಯನ್ನು ಹುಲ್ಲಿಗೆ ಬಿಟ್ಟುಕೊಡದೆ, ಊರಿನ ಸುತ್ತ ಬೆಂಕಿರೇಖೆಯನ್ನಾದರೂ ಸವರಿಸಿ, ಬೇಸಗೆಗೆ ಮುಂಚೆ ಒಣಹುಲ್ಲನ್ನು ತೆಗೆಸುವುದು ಜಮೀನಿನ ಒಡೆಯರ ಕರ್ತವ್ಯವಾಗಿದೆ.